ಅಪ್ಪ ಮತ್ತೆ ಕುಡಿದ ವರ್ಷ

ನಮ್ಮ ಮನೆ ಅರ್ಧ ನೆಲದ ಮೇಲಿತ್ತು, ಅರ್ಧ ನೆಲದೊಳಗಿತ್ತು. ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೋಗುವ ಬಂಡಿಯ ದಾರಿಗೆ ಹತ್ತಿಕೊಂಡ ಊರು ನಮ್ಮದು. ನೆಲದ ಮೇಲಿನ ಮನೆಯನ್ನು ಹೋಗಿಬರುವವರೆಲ್ಲ ನೋಡಬಹುದಿತ್ತು. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ, ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅವುಗಳ ಉಸಿರು ತಾಗುವಷ್ಟು ಹತ್ತಿರದಲ್ಲಿ ನಾವು ಮಲಗುವ ಪಡಸಾಲೆ, ಅದರ ಹಿಂದೆ ಅಡುಗೆಯ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ಬೆಳಿಗ್ಗೆ ನೀರಿನ ಹಂಡೆಯ ಮೇಲೆ, ಮಧ್ಯಾಹ್ನ ಬೀಸುವ ಕಲ್ಲಿನ ಮೇಲೆ, ಇಳಿಹೊತ್ತಿಗೆ ರೊಟ್ಟಿ ಬುಟ್ಟಿಯ ಮೇಲೆ ಬಂದು ನಿಲ್ಲುತ್ತಿತ್ತು. ನೆಲದೊಳಗಿನ ಮನೆ ಎಂದರೆ ಹಗೇವು, ಜೋಳ ತುಂಬಿಡುವ ಆಳದ ಕುಣಿ. ಅಂಗಳದಲ್ಲಿ ಅದರ ಬಾಯಿ ಒಬ್ಬ ಗಂಡಸು ಭುಜ ಒತ್ತಿಕೊಂಡು ಇಳಿಯುವಷ್ಟು ಮಾತ್ರ. ಒಳಗೆ ಮಡಕೆಯ ಹೊಟ್ಟೆಯ ಹಾಗೆ ಅಗಲವಾಗುತ್ತ ಹೋಗುತ್ತಿತ್ತು. ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಒತ್ತಿ, ಜೋಳ ಸುರಿದು, ಮೇಲೆ ಹೊಟ್ಟು ಹರವಿ, ಬಾಯಿಗೆ ಹಾಸುಗಲ್ಲು ಇಟ್ಟು, ಕಲ್ಲಿನ ಸಂದಿಗೆ ಕೆಸರು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅದರ ಮೇಲೆಯೇ ನಾವು ಕುಂಟಲಿಪಿ ಆಡುತ್ತಿದ್ದೆವು.

ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಜೋಳಕ್ಕೂ ಜೀವ ಇದೆ, ಕತ್ತಲಲ್ಲಿ ಕುಳಿತು ಅದೂ ಉಸಿರಾಡುತ್ತದೆ ಎಂದು ಆಯಿ ಹೇಳುತ್ತಿದ್ದಳು. ಮುಚ್ಚಿದ ಹಗೇವಿನಲ್ಲಿ ಆ ಉಸಿರೆಲ್ಲ ಕೂಡಿ ಕೆಟ್ಟ ಗಾಳಿಯಾಗುತ್ತದೆ. ಅದು ಕಣ್ಣಿಗೆ ಕಾಣದು, ಇಳಿದವನನ್ನು ಕೂಗಲೂ ಬಿಡದೆ ಕೆಡವುತ್ತದೆ. ಆದ್ದರಿಂದ ಹಗೇವು ತೆಗೆಯುವುದಕ್ಕೆ ಒಂದು ಕಟ್ಟಳೆ ಇತ್ತು. ಹಿಂದಿನ ದಿನ ಸಂಜೆಯೇ ಕಲ್ಲು ಎತ್ತಿ ಬಾಯಿ ತೆರೆದಿಡಬೇಕು. ದನ, ಮಕ್ಕಳು ಬೀಳದ ಹಾಗೆ ಸುತ್ತ ಜಾಲಿಯ ಮುಳ್ಳು ಹಚ್ಚಬೇಕು. ಮರುದಿನ ಬೆಳಿಗ್ಗೆ ಉರಿಯುವ ಕಂದೀಲನ್ನು ಹಗ್ಗ ಕಟ್ಟಿ ತಳದವರೆಗೆ ಬಿಡಬೇಕು. ಅದು ಆರದೆ ನಿಂತರೆ ಮಾತ್ರ ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯಬೇಕು. ನಮ್ಮ ಓಣಿಯಲ್ಲಿ ಯಾರ ಹಗೇವು ತೆಗೆಯುವುದಿದ್ದರೂ ಈ ಕೆಲಸಕ್ಕೆ ಅಪ್ಪನನ್ನೇ ಕರೆಯುತ್ತಿದ್ದರು. ಫಕೀರಪ್ಪ ನೋಡಿದ್ದಾನೆ ಎಂದರೆ ಮತ್ತೊಬ್ಬರು ಬಗ್ಗಿ ನೋಡುತ್ತಿರಲಿಲ್ಲ. ಆ ನಂಬಿಕೆ ಅವನ ಹೊಲಕ್ಕಿಂತ ದೊಡ್ಡ ಆಸ್ತಿಯಾಗಿತ್ತು.

ನಾನು ತೀರ ಚಿಕ್ಕವಳಿದ್ದಾಗ ಅಪ್ಪ ಕುಡಿಯುತ್ತಿದ್ದನಂತೆ. ನನಗೆ ನೆನಪಿರುವುದು ಒಡೆದ ಒಂದು ಮಡಕೆ, ಅದರ ಚೂರುಗಳ ನಡುವೆ ಕುಳಿತು ಹೊರಗಿನವರಿಗೆ ಕೇಳದಂತೆ ಅಳುತ್ತಿದ್ದ ಅವ್ವ, ಇಷ್ಟೇ. ಒಂದು ದಿನ ಅಪ್ಪ ಬಸವಣ್ಣನ ಗುಡಿಗೆ ಹೋಗಿ ಬೊಗಸೆಯಲ್ಲಿ ಜೋಳ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಉಣ್ಣುವ ಕಾಳು ಹಿಡಿದು ಮಾಡಿದ ಆಣೆಗಿಂತ ದೊಡ್ಡ ಆಣೆ ನಮ್ಮ ಕಡೆ ಇರಲಿಲ್ಲ. ಮುಂದಿನ ಸುಗ್ಗಿ, ಅದರ ಮುಂದಿನ ಸುಗ್ಗಿ, ಎರಡೂ ಸುಗ್ಗಿ ನಮ್ಮ ಮನೆ ಬೇರೆಯವರ ಮನೆಗಳಂತಿತ್ತು. ಸಂಜೆ ಅಪ್ಪ, ಅವನ ತಮ್ಮ ಹನುಮಪ್ಪ ಕಾಕಾ ಇಬ್ಬರೂ ಒಂದೇ ಗಂಗಾಳದ ಎರಡು ಬದಿಗೆ ಕುಳಿತು ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ. ಕಾಕಾ ಅಣ್ಣನಿಗಿಂತ ಬಹಳ ಚಿಕ್ಕವನು. ಅಪ್ಪನೇ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಅವನ ರೊಟ್ಟಿಗೆ ಬೆಣ್ಣೆ ಬಿದ್ದಿದೆಯೇ ಎಂದು ಈಗಲೂ ಅಪ್ಪನೇ ನೋಡುತ್ತಿದ್ದ. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಏತಕ್ಕೆ ನಗುತ್ತಿದ್ದಳೋ ನೆನಪಿಲ್ಲ. ನಗುತ್ತಿದ್ದಳು ಎಂಬುದು ಮಾತ್ರ ನೆನಪಿದೆ.

ದುಃಖದಲ್ಲಿ ಕುಡಿದಿದ್ದರೆ ನನಗೆ ಅರ್ಥವಾಗುತ್ತಿತ್ತು. ಅಪ್ಪ ಮತ್ತೆ ಕುಡಿದದ್ದು ಸಂತೋಷದ ದಿನ. ನಾವು ಕಣ್ಣಿನಂತೆ ಸಾಕಿದ್ದ ಹೋರಿ ಕುಕನೂರು ಸಂತೆಯಲ್ಲಿ ಒಳ್ಳೆಯವರ ಕೈಸೇರಿತ್ತು. ಜನ ಸುತ್ತುಗಟ್ಟಿ ಹೊಗಳಿದರಂತೆ. ಹಳೆಯ ಗೆಳೆಯನೊಬ್ಬ ಹೆಗಲ ಮೇಲೆ ಕೈಹಾಕಿ, ಇಂಥ ದಿನವೂ ಒಣ ಬಾಯಲ್ಲಿ ಹೋಗುತ್ತೀಯಾ ಎಂದನಂತೆ. ಅಷ್ಟೇ ನಡೆದದ್ದು. ಇಳಿಹೊತ್ತಿಗೆ ಅಪ್ಪ ಮನೆಗೆ ಬಂದಾಗ ಅವನ ನಡಿಗೆ ತೂರಾಡುತ್ತಿರಲಿಲ್ಲ. ಬದಲಿಗೆ ಬಹಳ ನೆಟ್ಟಗಿತ್ತು, ತುಂಬಿದ ಕೊಡ ಹೊತ್ತವರು ನಡೆಯುವ ಹಾಗೆ. ಬಾಯಿ ತುಂಬ ಎಲೆ ಅಡಿಕೆ, ಅದರ ಜೊತೆಗೆ ಹಸಿ ಉಳ್ಳಾಗಡ್ಡಿಯ ಗಾಟು. ನನಗೆ ಬೆಂಡು ಬೆತ್ತಾಸು ತಂದಿದ್ದ. ನಾನು ಕುಣಿದಾಡಿದೆ. ಆಯಿ ಬೀಸುವ ಕಲ್ಲನ್ನು ನಿಲ್ಲಿಸಿ ಮಗನ ಮುಖವನ್ನೇ ನೋಡಿದಳು.

"ಉಳ್ಳಾಗಡ್ಡಿ ಯಾಕ ತಿಂದೀಯೋ ಫಕೀರ?"

"ಹಸಿವಿ ಆಗಿತ್ತಬೇ."

"ಹಸದವ್ರು ರೊಟ್ಟಿ ಕೇಳ್ತಾರ. ಉಳ್ಳಾಗಡ್ಡಿ ಕೇಳವ್ರು ಬ್ಯಾರೆ ಇರ್ತಾರ."

ಅಪ್ಪ ಹೊರಗೆ ಎತ್ತಿನ ಮೈ ತಿಕ್ಕಲು ಹೋದ. ಅವ್ವ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಬಿಟ್ಟು, "ಅತ್ತಿ, ಹಿರೇರ್ನ ಕರಸೂಣೇನ್ರಿ? ಇವತ್ತ ಹೇಳಿಸಿದ್ರ ಇವತ್ತ ನಿಂದರ್ತೈತಿ" ಎಂದಳು. ಆಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಆಣಿ ಮುರದಾನ ಅಂತ ಮಂದಿಗೆ ಗೊತ್ತಾದ್ರ ನಾಳಿ ಯಾರು ತಮ್ಮ ಹಗ್ಗ ಇವನ ಕೈಯಾಗ ಕೊಡ್ತಾರ? ಮನಿ ಮಾತು ಮನ್ಯಾಗ ಇರ್ಲಿ. ನನ್ನ ಮಗ ಅದಾನ, ನಾ ತಿದ್ದತೀನಿ."

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದು ಹೊಸ ಉದ್ಯೋಗ ಬಂತು, ಅದು ಮುಚ್ಚುವ ಉದ್ಯೋಗ. ಅಪ್ಪ ಪಡಸಾಲೆಯಲ್ಲಿ ಮಲಗಿದ್ದರೆ ಕೇಳಿಬಂದವರಿಗೆ ಮೈಯಲ್ಲಿ ಕಸುವಿಲ್ಲ, ಜ್ವರ ಎಂದು ಆಯಿ ಹೇಳುತ್ತಿದ್ದಳು. ಬಾಗಿಲ ಬಳಿ ಲೋಬಾನ ಹಾಕುತ್ತಿದ್ದಳು. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ, ಹಾಗಾಗಿ ಜಗಳವೂ ಪಿಸುಮಾತಿನಲ್ಲೇ ನಡೆಯಬೇಕಾಗಿತ್ತು. ಗಟ್ಟಿಯಾಗಿ ಬೈದಾಡುವ ಮನೆಗಳನ್ನು ಕಂಡರೆ ನನಗೆ ಈಗಲೂ ಒಂದು ಬಗೆಯ ನೆಮ್ಮದಿ. ಪಿಸುಮಾತು ಕಿವಿಗೆ ಬಿದ್ದರೆ ಎದೆ ಡವಗುಟ್ಟುತ್ತದೆ. ಅವ್ವ ಹಲ್ಲು ಕಚ್ಚಿ ಪಿಸುಗುಡುತ್ತಿದ್ದಳು, ಅಪ್ಪ ಪಿಸುಗುಡುತ್ತಲೇ ಆಣೆ ಹಾಕುತ್ತಿದ್ದ. ನಾಳೆಯಿಂದ ಇಲ್ಲ, ಅಮಾವಾಸ್ಯೆಯಿಂದ ಇಲ್ಲ, ಯುಗಾದಿಯಿಂದ ಇಲ್ಲ. ಕಾಕಾನಿಗೆ ಸಂಶಯ ಬಂದಿರಲಿಲ್ಲವೇ? ಬಂದಿರಬೇಕು. ಆದರೆ ಅವನು ಹಗಲೆಲ್ಲ ಹೊಲದಲ್ಲಿರುತ್ತಿದ್ದ, ಬಂದಾಗ ಅಣ್ಣ ಮಲಗಿರುತ್ತಿದ್ದ, ಆಯಿ ಜ್ವರ ಎನ್ನುತ್ತಿದ್ದಳು. ತಾಯಿ ಹೇಳಿದ್ದನ್ನು ಅವನು ನಂಬಿದ.

ಬೇಸಿಗೆಯಲ್ಲಿ ಮನೆಯೊಳಗಿನ ಜೋಳ ತಳ ಕಂಡಿತು. ಹಗೇವು ತೆಗೆಯಬೇಕೆಂದು ಆಯಿಯೇ ದಿನ ಗೊತ್ತು ಮಾಡಿದಳು. ಬುಟ್ಟಿ ಎಳೆಯುವುದಕ್ಕೆ ಬರಲು ಓಣಿಯ ಗಂಡಸರಿಗೆ ಹೇಳಿಯಾಗಿತ್ತು. ಹಿಂದಿನ ಸಂಜೆ ಅಪ್ಪ ಹಾರೆ ಹಿಡಿದು ಅಂಗಳಕ್ಕೆ ಹೋದ. ಕಾಕಾ ಎತ್ತುಗಳನ್ನು ಹೊಡೆದುಕೊಂಡು ಬಂದಾಗ ಹಗೇವಿನ ಸುತ್ತ ಜಾಲಿಯ ಮುಳ್ಳು ದಟ್ಟವಾಗಿ ಹಚ್ಚಿತ್ತು. ಮುಳ್ಳು ಇದೆ ಎಂದರೆ ಬಾಯಿ ತೆರೆದಿದೆ ಎಂದೇ ಅರ್ಥ. ಅದನ್ನು ಸರಿಸಿ ನೋಡುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಮುಳ್ಳು ಮಾತ್ರ ಹಚ್ಚಿದ್ದ. ಗಟ್ಟಿಯಾದ ಕೆಸರನ್ನು ಒಡೆಯಲು ಅವನ ಕೈಗೆ ಆಗಿರಲಿಲ್ಲ. ನಂತರ ತೆಗೆಯುತ್ತೇನೆ ಎಂದುಕೊಂಡು ಮಲಗಿದವನು ಮುಂಜಾನೆ ಬಿಸಿಲು ಗೋಡೆಗೆ ಬಂದ ಮೇಲೆ ಎದ್ದ. ಕತ್ತಲಲ್ಲೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ ಕಾಕಾ ಇನ್ನೂ ಮರಳಿರಲಿಲ್ಲ. ಅಪ್ಪ ಅವಸರದಲ್ಲಿ ಹಾರೆ ಹಾಕಿ ಕಲ್ಲನ್ನು ಮೀಟಿದ. ಅವ್ವ ನೀರು ತರಲು ಹೊರಟವಳು ಆ ಸದ್ದು ಕೇಳಿ, ಮುಳ್ಳಿನ ಸಂದಿಯಿಂದ ನೋಡಿದಳು. ತುಂಬಿಸದ ಕೊಡವನ್ನು ಹಾಗೆಯೇ ಸೊಂಟದ ಮೇಲಿಟ್ಟುಕೊಂಡು ಒಳಗೆ ಓಡಿಬಂದಳು. ನಾನು ಹಿಂದಿನ ದಿನದ ರೊಟ್ಟಿಯನ್ನು ಮೊಸರಿನಲ್ಲಿ ಮುರಿದುಕೊಂಡು ಕುಳಿತಿದ್ದೆ.

"ಅತ್ತಿ, ಕಲ್ಲು ಈಗ ತಗದಾರ್ರಿ. ನಿನ್ನಿ ತಗದಿಲ್ಲ. ಇವತ್ತ ಬ್ಯಾಡಂತ ಹೇಳ್ರಿ ಮಂದಿಗೆ."

"ಏನಂತ ಹೇಳ್ಲಿ? ನನ್ನ ಮಗ ಕುಡದು ಬಿದ್ದಿದ್ದ, ಬಾಯಿ ತಗ್ಯಾಕ ಆಗ್ಲಿಲ್ಲ ಅಂತ ಹೇಳ್ಲೇನು?"

"ಏನರ ಹೇಳ್ರಿ!"

"ತಡಿ. ಅವಗ ಗೊತ್ತೈತಿ. ಕಂದೀಲು ಬಿಡಲಾರದ ಯಾರ್ನೂ ಇಳಸೂದಿಲ್ಲ ಅವ. ಇಷ್ಟು ವರ್ಷ ಇಳಸ್ಯಾನೇನು?"

ಆಯಿ ಸುಳ್ಳು ಹೇಳಲಿಲ್ಲ. ಅವಳು ನಂಬಿದ್ದು ಹಾಗೆಯೇ. ಕುಡಿದ ಮಗನಲ್ಲಿಯೂ ಕುಡಿಯದ ಮಗ ಉಳಿದಿರುತ್ತಾನೆ, ಕೆಲಸದ ಹೊತ್ತಿಗೆ ಅವನು ಮುಂದೆ ಬರುತ್ತಾನೆ ಎಂದು ಅವಳ ಲೆಕ್ಕ. ಅಂಗಳದಲ್ಲಿ ಜನ ಸೇರುತ್ತಿದ್ದರು. ಮುಳ್ಳು ಸರಿಸಿದ ಸದ್ದು, ಬುಟ್ಟಿಗಳ ಸದ್ದು, ನಮ್ಮ ಪಕ್ಕದ ಮನೆಯ ಹುಸೇನಸಾಬನ ದೊಡ್ಡ ನಗು. ಅವನು ಕಾಕಾನನ್ನು ಕೆಣಕುತ್ತಿದ್ದ.

"ಹನುಮ್ಯಾ, ಒಳಗ ಇಳದು ನಿದ್ದಿ ಹೊಡೀಬ್ಯಾಡಪಾ. ಮದಿವಿ ಇಲ್ಲದ ಹುಡುಗೂರಿಗೆ ತಂಪ ಜಾಗಾ ಸಿಕ್ರ ಏಳೂದಿಲ್ಲ."

"ನೀ ಹಗ್ಗ ಗಟ್ಟಿ ಹಿಡಿ ಮಾವ. ನಗತಾ ನಗತಾ ಬಿಟ್ಟೀ."

ಆಮೇಲೆ ಕಾಕಾ ಕೇಳಿದ ಮಾತು ಅಡುಗೆಯ ಕೋಣೆಯವರೆಗೂ ಸ್ಪಷ್ಟವಾಗಿ ಬಂತು. "ಅಣ್ಣ, ಕಂದೀಲು ಬಿಟ್ಟಿದ್ದೀ?" ಅಪ್ಪನ ಉತ್ತರವೂ ಅಷ್ಟೇ ಸ್ಪಷ್ಟವಾಗಿ ಬಂತು. "ನಸಿಕಿನ್ಯಾಗ ಬಿಟ್ಟು ನೋಡೀನಿ. ಛಲೋ ಉರೀತು. ಇಳಿ ಇಳಿ."

ಅವ್ವ ಎದ್ದಳು. ಆಯಿ ಅವಳ ಸೆರಗು ಹಿಡಿದಳು. ನೆನೆಯುತ್ತ ಇಲ್ಲಿಗೆ ಬಂದಾಗೆಲ್ಲ ನಾನು ನಿಂತುಬಿಡುತ್ತೇನೆ. ಅವ್ವ ಬಾಗಿಲ ಕಡೆಗೆ ಜಗ್ಗುತ್ತಿದ್ದಾಳೆ, ಆಯಿ ಕುಳಿತಲ್ಲಿಂದಲೇ ಒಳಗೆ ಜಗ್ಗುತ್ತಿದ್ದಾಳೆ, ಇಬ್ಬರ ನಡುವೆ ಸೀರೆಯ ಸೆರಗು ಹಗ್ಗದಂತೆ ಬಿಗಿದಿದೆ. ಹೊರಗೆ ಕಾಕಾ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿರಬೇಕು. ಗಂಟು ಹಾಕಿಕೊಂಡದ್ದು ಅವನೇ. ಅಪ್ಪ ಹಾಕಲು ಬಂದಾಗ ತಮಾಷೆಗೆ ಅವನ ಕೈ ತಳ್ಳಿದನಂತೆ. ಹಾಗೆ ತಳ್ಳದೆ, ಕುಡಿದ ಕೈಯೇ ಆ ಗಂಟು ಹಾಕಿದ್ದಿದ್ದರೆ? ಸೆರಗಿನ ಬಟ್ಟೆ ಹೊಸದಾಗಿದ್ದು ಹರಿಯದೆ ಇದ್ದಿದ್ದರೆ? ಅದು ಹರಿಯಿತು. ತುಂಡು ಆಯಿಯ ಮುಷ್ಟಿಯಲ್ಲಿ ಉಳಿಯಿತು. ಅವ್ವ ಅಂಗಳಕ್ಕೆ ಓಡಿದಳು, ನಾನು ಅವಳ ಹಿಂದೆ ಓಡಿದೆ.

ಅಂಗಳದಲ್ಲಿ ಏನೂ ಆಗಿರಲಿಲ್ಲ. ಅದೇ ಭಯಂಕರ. ಗಂಡಸರು ಹಗ್ಗ ಹಿಡಿದು ಹರಟುತ್ತ ನಿಂತಿದ್ದರು. ಕಾಕಾ ಇಳಿದಿದ್ದ. "ಬುಟ್ಟಿ ಬಿಡ್ರಿ" ಎಂದು ಕೂಗಿದ್ದನಂತೆ, ಬುಟ್ಟಿ ಬಿಟ್ಟಿದ್ದರು. ಅವನು ತುಂಬುತ್ತಿದ್ದಾನೆ ಎಂದು ಎಲ್ಲರೂ ಕಾಯುತ್ತಿದ್ದರು. ಮೌನ ಎಂದರೆ ಕೆಲಸ ನಡೆದಿದೆ ಎಂದೇ ಅವರ ತಿಳುವಳಿಕೆ.

"ಎಳೀರಿ!" ಎಂದು ಅವ್ವ ಚೀರಿದಳು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಿನ್ನಿ ತಗದಿಲ್ಲರೀ ಅದು! ಈಗ ತಗದದ್ದು! ಕಂದೀಲು ಬಿಟ್ಟಿಲ್ಲ! ಕುಡದಾರ ಅವ್ರು, ಎಳೀರಿ!"

ಹುಸೇನಸಾಬ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಅಪ್ಪನ ಮುಖ ನೋಡಿದ. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯಿತು. ಹಗ್ಗ ಜಗ್ಗಿದರು. ಒಳಗಿನಿಂದ ಯಾರೂ ಹಿಡಿದುಕೊಳ್ಳದ ಭಾರ ಮೇಲೆ ಬರತೊಡಗಿತು. ಅಪ್ಪ ಮಾತ್ರ ಆ ಕ್ಷಣಕ್ಕೆ ಎಚ್ಚರಗೊಂಡವನಂತೆ "ಹನುಮಾ" ಎಂದು ಕೂಗುತ್ತ ಬಾಯಿಯ ಕಡೆಗೆ ನುಗ್ಗಿದ. ಹಗ್ಗವಿಲ್ಲದೆ ಧುಮುಕುವವನೇ ಇದ್ದ. ಹುಸೇನಸಾಬ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟು, ಅಪ್ಪನನ್ನು ನೆಲಕ್ಕೆ ಕೆಡವಿ ಅವನ ಬೆನ್ನಿನ ಮೇಲೆ ಕುಳಿತುಬಿಟ್ಟ.

"ಬಿಡೋ ಹುಸೇನಾ, ನನ್ನ ತಮ್ಮ ಅದಾನ ಒಳಗ!"

"ಗೊತ್ತೈತಿ. ಒಂದು ಹೆಣ ಸಾಕು. ಸುಮ್ನ ಬೀಳು, ಫಕೀರಪ್ಪಣ್ಣ."

ಕಾಕಾನ ತಲೆ ಬಾಯಿಯ ಮಟ್ಟಕ್ಕೆ ಬಂದು ಭುಜ ಸಿಕ್ಕಿಕೊಂಡಿತು. ಕುತ್ತಿಗೆ ಒಂದು ಕಡೆ ವಾಲಿತ್ತು. ತುಟಿ ನೇರಳೆಯ ಬಣ್ಣ. ಅವ್ವ ಮಂಡಿಯೂರಿ ಕೈ ಹಾಕಿ ಒಂದೊಂದೇ ತೋಳನ್ನು ಹೊರಗೆ ತೆಗೆದಳು. ಹಗೇವಿನ ಬಾಯಿಯ ಅಂಚಿಗೆ ಅವನ ಚರ್ಮ ಕಿತ್ತುಹೋಯಿತು. ಬೇವಿನ ನೆರಳಿಗೆ ಎಳೆದು ಹಾಕಿ ಮುಖಕ್ಕೆ ನೀರು ಎರಚಿದರು, ಮೊರದಿಂದ ಗಾಳಿ ಹಾಕಿದರು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಬಾಗಿಲಲ್ಲಿ ನಿಂತ ಆಯಿ ಮುಂದೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ. ಕಾಕಾನ ಎದೆ ಒಮ್ಮೆ ಏರಿ ಇಳಿಯಿತು. ಅವನು ಮಗ್ಗುಲಾಗಿ ವಾಂತಿ ಮಾಡಿದ. ಕಣ್ಣು ತೆರೆದಾಗ ಎದುರಿಗೆ ಮಣ್ಣು ಮೆತ್ತಿದ ಮುಖದ ಅಪ್ಪ ಕುಕ್ಕರುಗಾಲಲ್ಲಿ ಕುಳಿತಿದ್ದ. ಕಾಕಾ ಬೈಯಲಿಲ್ಲ. ಉಸಿರು ಸಾಲದೆ, ಮಗುವಿನಂತೆ ಒಂದೇ ಮಾತು ಕೇಳಿದ.

"ಅಣ್ಣ, ಕಂದೀಲು ಬಿಟ್ಟೀನಿ ಅಂದ್ಯಲ್ಲ."

ಅದಾದ ಮೇಲೆ ಅವನು ಅಣ್ಣನೊಂದಿಗೆ ಮಾತು ಬಿಟ್ಟ.

ಎಷ್ಟೋ ವರ್ಷಗಳ ಮೇಲೆ ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ರಸಾಯನಶಾಸ್ತ್ರದ ಮೇಷ್ಟ್ರು ಗಾಜಿನ ಜಾಡಿಯೊಳಗೆ ಉರಿಯುವ ಕಡ್ಡಿಯನ್ನು ಇಳಿಸಿದರು. ಅದು ಸದ್ದಿಲ್ಲದೆ ಆರಿತು. ಕಣ್ಣಿಗೆ ಕಾಣದ, ಗಾಳಿಗಿಂತ ಭಾರವಾದ ಆ ಅನಿಲದ ಹೆಸರನ್ನು ಎಲ್ಲರೂ ಬರೆದುಕೊಂಡರು. ನಾನು ಎದ್ದು ಹೊರಗೆ ಬಂದೆ. ಹೊರಗಿನ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಉಸಿರೆಳೆದುಕೊಂಡೆ. ಅದರ ಹೆಸರು ತಿಳಿದದ್ದರಿಂದ ನನಗೆ ಏನೂ ಆಗಲಿಲ್ಲ. ನನ್ನನ್ನು ಕಾಡುತ್ತಿದ್ದದ್ದು ಆ ಗಾಳಿಯಲ್ಲ. ಎಲ್ಲ ತಿಳಿದವರಿಬ್ಬರು ಒಲೆಯ ಮುಂದೆ ಒಬ್ಬರನ್ನೊಬ್ಬರು ಹಿಡಿದು ಜಗ್ಗುತ್ತಿದ್ದಾಗ, ಏನೂ ತಿಳಿಯದವನೊಬ್ಬ ನಗುನಗುತ್ತ ಒಳಗೆ ಇಳಿಯುತ್ತಿದ್ದನಲ್ಲ, ಅದು.

ಕಾಕಾ ಬದುಕಿದ. ಕೆಮ್ಮು ಮಾತ್ರ ಮಳೆಗಾಲದವರೆಗೆ ಬಿಡಲಿಲ್ಲ. ಅಪ್ಪನ ಪಾಡು ಬೇರೆ. ಅಂದು ಸಂಜೆಯಿಂದಲೇ ಅವನು ಕುಡಿಯುವುದನ್ನು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಮೈ ಅವನನ್ನು ಬಿಡಲಿಲ್ಲ. ಕೈ ನಡುಗಿ ರೊಟ್ಟಿಯ ತುಂಡು ಬಾಯಿಗೆ ಹೋಗುವ ಮೊದಲೇ ಕೆಳಗೆ ಬೀಳುತ್ತಿತ್ತು. ಬೆವರಿನಲ್ಲಿ ಕಂಬಳಿ ತೊಯ್ದುಹೋಗುತ್ತಿತ್ತು. ಮರುದಿನ ಬೆಳಗಾದ ಮೇಲೆ ಗೋಡೆಯ ಕಡೆ ಬೆರಳು ಮಾಡಿ ಇರುವೆ, ಇರುವೆ ಎನ್ನತೊಡಗಿದ. ಗೋಡೆಯಲ್ಲಿ ಏನೂ ಇರಲಿಲ್ಲ. ಆಯಿ ಬೂದಿ ಮಂತ್ರಿಸಿ ತಂದು ಹಚ್ಚಿದಳು, ದೃಷ್ಟಿ ತೆಗೆದಳು, ಕೊನೆಗೆ ಅವ್ವನ ಮುಂದೆ ಸೆರಗೊಡ್ಡಿ ನಿಂತಳು.

"ಒಂದು ಗುಟುಕು ತರಸ್ಬೇ. ಒಂದ ಗುಟುಕು. ಹಿಂಗ ಬಿಟ್ರ ನನ್ನ ಮಗ ಸಾಯ್ತಾನ."

"ಕುಡದ್ರೂ ಸಾಯ್ತಾರ್ರಿ ಅತ್ತಿ. ಆಗ ಅವ್ರೊಬ್ರ ಸಾಯಂಗಿಲ್ಲ."

ಅವ್ವ ಪಡಸಾಲೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಅಲ್ಲಿಂದ ಏಳಲಿಲ್ಲ. ನಾನು ಮಜ್ಜಿಗೆ, ಬೆಲ್ಲದ ನೀರು, ನುಚ್ಚಿನ ಗಂಜಿ ತಂದುಕೊಡುತ್ತಿದ್ದೆ; ಅವಳು ಕುಳಿತಲ್ಲಿಂದಲೇ ಕೈ ಚಾಚಿ ಅಪ್ಪನಿಗೆ ಕುಡಿಸುತ್ತಿದ್ದಳು. ಅವಳು ಮಾಡಿದ್ದು ಸರಿಯೇ? ಹಾಗೆ ಥಟ್ಟನೆ ನಿಲ್ಲಿಸಿದವರು ಸಾಯುವುದೂ ಉಂಟು ಎಂದು ನನಗೆ ವೈದ್ಯರೊಬ್ಬರು ಮುಂದೆ ಹೇಳಿದರು. ಆಯಿಯ ಭಯ ಸುಳ್ಳಾಗಿರಲಿಲ್ಲ. ಆ ಕೋಣೆಯಲ್ಲಿ ಇಬ್ಬರು ಹೆಂಗಸರೂ ಸರಿಯಾಗಿದ್ದರು, ಇಬ್ಬರೂ ಕುರುಡಾಗಿದ್ದರು. ಅಪ್ಪ ಉಳಿದ. ಇರುವೆಗಳು ಗೋಡೆಯಿಂದ ಇಳಿದುಹೋದವು. ಒಂದು ಬೆಳಿಗ್ಗೆ ಅವನು ರೊಟ್ಟಿಯನ್ನು ತಾನೇ ಮುರಿದು ತಿಂದ.

ಎದ್ದು ಓಡಾಡುವಂತಾದ ಮೇಲೆ ಅವನು ಹೊಲಕ್ಕೆ ಹೋದ ಮೊದಲ ದಿನ ಸಂಜೆ ಮರಳಿ ಬಂದು ಹೊಸ್ತಿಲ ಹೊರಗೇ ನಿಂತ. ಅವ್ವ ಕಾಲಿಗೆ ನೀರು ಕೊಟ್ಟಳು. ಅವನು ತಂಬಿಗೆ ಮುಟ್ಟಲಿಲ್ಲ.

"ನಿಂಗವ್ವ, ನನ್ನ ಬಾಯಿ ಮೂಸಿ ನೋಡು."

"ಅಯ್ಯ, ಇದೇನ್ರಿ ಓಣ್ಯಾಗ! ಒಳಗ ಬರ್ರಿ. ನಂಬೀನಿ ನಾನು."

"ನಂಬಬ್ಯಾಡ. ನಂಬಿದ್ದಕ್ಕ ಅವ ಇಳದ."

ಅವ್ವ ಕೆಂಪಾದ ಮುಖದಿಂದ ಅತ್ತಿತ್ತ ನೋಡಿ, ಮುಂದೆ ಬಾಗಿ ಮೂಸಿದಳು. ಏನಿಲ್ಲ ಎಂದಳು. ಆಮೇಲೆ ಅಪ್ಪ ಕಾಲು ತೊಳೆದು ಒಳಗೆ ಬಂದ. ಮರುದಿನವೂ ಅದೇ. ಎಲೆ ಅಡಿಕೆ ಹಾಕಿಕೊಂಡು ಬಂದರೆ ವಾಸನೆ ಹೇಗೆ ತಿಳಿಯಬೇಕು ಎಂದು ಅವ್ವ ಒಮ್ಮೆ ಗೊಣಗಿದ್ದಕ್ಕೆ ಅವನು ಹುಡುಗತನದಿಂದ ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆಯನ್ನೇ ಬಿಟ್ಟ. ನೀರಿಗೆ ಹೋಗುವ ಹೆಂಗಸರಿಗೆ ಇದು ದೊಡ್ಡ ಮೋಜಾಯಿತು.

"ಏನ ನಿಂಗವ್ವ, ದಿನಾ ಗಂಡನ ಬಾಯಾಗ ಏನ ಹುಡಕ್ತೀಯವ್ವ?"

"ಹೋದ ಮರ್ಯಾದಿ. ಸಿಕ್ರ ನಿಮಗೂ ಅರ್ಧ ಕೊಡ್ತೀನಿ, ಬರ್ರಿ."

ಆಯಿ ಈಗ ಮುಚ್ಚುವುದನ್ನು ಬಿಟ್ಟು ಅದರ ತದ್ವಿರುದ್ಧಕ್ಕೆ ತಿರುಗಿದ್ದಳು. ಬಳೆಗಾರ ಬಂದರೂ, ಅಪರಿಚಿತ ಜಂಗಮಯ್ಯ ಬಂದರೂ ತನ್ನ ಮಗ ಆಣೆ ಮುರಿದದ್ದನ್ನು ಮೊದಲಿನಿಂದ ಹೇಳಿ ಮುಗಿಸಿಯೇ ಜೋಳ ನೀಡುತ್ತಿದ್ದಳು. ಓಣಿಯವರು ಮಾತ್ರ ಹಗೇವಿಗೆ ಅಪ್ಪನನ್ನು ಕರೆಯಲಿಲ್ಲ. ಕರೆಯಲಿಲ್ಲವೆಂದು ಅವನೂ ಗೊಣಗಲಿಲ್ಲ. ಕಾಕಾ ಅದೇ ಪಡಸಾಲೆಯಲ್ಲಿ ಮಲಗುತ್ತಿದ್ದ, ಅದೇ ಎತ್ತು ಹೂಡುತ್ತಿದ್ದ, ಆದರೆ ಬೇರೆ ಗಂಗಾಳ. ಮಾತೆಲ್ಲ ನನ್ನ ಮೂಲಕ.

"ಗಿರಿಜಿ, ನಿಮ್ಮಪ್ಪಗ ಹೇಳು, ಕೂರಿಗಿ ತಾಳು ಸಡಲೈತಿ."

"ಗಿರಿಜಿ, ನಿಮ್ಮ ಕಾಕಾಗ ಹೇಳು, ನಿನ್ನೀನ ಬಿಗದೀನಿ."

ಮೂವರೂ ಒಂದೇ ಕಂಬದ ಬುಡದಲ್ಲಿ ಕುಳಿತಿರುತ್ತಿದ್ದೆವು. ನಾನು ಎರಡು ಕಡೆಗೂ ಮುಖ ತಿರುಗಿಸಿ ಅದೇ ಮಾತನ್ನು ಮತ್ತೆ ಹೇಳುತ್ತಿದ್ದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಇರಕಲ್ಲಗಡದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಕಾಕಾನಿಗೆ ಆ ಹುಡುಗಿ ಮನಸ್ಸಿಗೆ ಬಂದಿದ್ದಳು. ಅವನು ಬಾಯಿಬಿಟ್ಟು ಹೇಳದಿದ್ದರೂ ಆ ವಾರ ರುಮಾಲು ಎರಡು ಸಲ ಒಗೆದಿದ್ದ. ಹುಡುಗಿಯ ಅಜ್ಜ ಮುದುಕರು, ಗಟ್ಟಿ ಮನುಷ್ಯರು, ಕೇಳಿ ಕೇಳಿ ತೀರ್ಮಾನಿಸುವವರು. ಅಪ್ಪ ಬೆಳಿಗ್ಗೆಯೇ ಬೀಜದ ಹೋರಿ ನೋಡಲು ಕುಕನೂರು ಸಂತೆಗೆ ಹೋಗಿದ್ದ. ಬೀಗರು ಹೇಳಿದ ದಿನಕ್ಕಿಂತ ಮೊದಲೇ ಬಂದಿದ್ದರು. ಆಯಿ ಅವರಿಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿ, ಅಡುಗೆಯ ಕೋಣೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದಳು. ಹಳೆಯ ಪಿಸುಮಾತು ಬಂದುಬಿಟ್ಟಿತ್ತು.

"ಇವತ್ತೊಂದ ದಿನ ಆ ಮೂಸೂದು ಬ್ಯಾಡ. ಬಂದ ಕೂಡ್ಲೆ ಒಳಗ ಕರಕೊಂಬಿಡು. ಹುಡುಗನ ಬಾಳೇದ ಪ್ರಶ್ನೆ ಐತಿ."

ಅವ್ವ ಹೂಂ ಎಂದಳು. ನಾನು ಬಾಗಿಲಿಗೆ ಹೋಗಿ ದಾರಿ ನೋಡಿದೆ. ಸಂತೆಯ ದಿನ. ಅದೇ ಊರು, ಅದೇ ಗೆಳೆಯರು. ಅವನು ನೆಟ್ಟಗೆ ನಡೆದು ಬಂದರೆ? ನಾನು ಬಾಗಿಲಿಗೂ ಒಲೆಗೂ ಓಡಾಡುತ್ತ ಬೆಲ್ಲ ಬೆರೆಸಿದ ಮಾದಲಿಯ ಬುಟ್ಟಿ ಎಡವಿದೆ, ಬೈಸಿಕೊಂಡೆ.

ಅಪ್ಪ ಬಂದ. ಹೊಸ್ತಿಲ ಹೊರಗೆ ನಿಂತ. ಒಳಗೆ ಕುಳಿತವರನ್ನು ಕಂಡು ಕೈಮುಗಿದ. ಅಜ್ಜ "ಬರ್ರಿ ಬರ್ರಿ, ಯಜಮಾನ್ರ ಈಗ ಬಂದ್ರಿ" ಎಂದರು. ಅವ್ವ ನೀರು ಹಿಡಿದು ಹೋಗಿ, ತುಟಿಯಲ್ಲೇ "ಒಳಗ ಬರ್ರಿ, ರೊಟ್ಟಿ ಆರ್ತಾವ" ಎಂದಳು. ಅಪ್ಪ ಅವಳ ಮುಖ ನೋಡಿದ. ಅವಳ ಹಿಂದೆ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ ಆಯಿಯನ್ನು ನೋಡಿದ. ಅವನಿಗೆ ತಿಳಿಯಿತು. ತಿಳಿದರೂ ಕಾಲು ಎತ್ತಲಿಲ್ಲ.

"ಮದ್ಲ ನೋಡು."

"ಬೀಗರು ಕುಂತಾರ್ರಿ."

"ಅದಕ್ಕ ನೋಡು ಅಂದೆ."

ಅಜ್ಜ ಕಣ್ಣು ಕಿರಿದು ಮಾಡಿ, "ಏನದು? ಏನ ನೋಡಬೇಕಂತ?" ಎಂದರು. ಆಯಿ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಕಾಕಾ ಎದ್ದು ನಿಂತ.

"ನಮ್ಮಣ್ಣ ಕುಡೀತಿದ್ದರೀ. ಬಿಟ್ಟಿದ್ದ, ಮತ್ತ ಹಿಡದ. ಅದರಾಗ ನಾ ಹಗೇವಿನ್ಯಾಗ ಸತ್ತು ಬದುಕೀನಿ. ಈಗ ಬಿಟ್ಟಾನ. ದಿನಾ ಬಾಯಿ ತೋರಸಿ ಒಳಗ ಬರ್ತಾನ. ಈ ಮನಿ ಹಿಂಗ ಐತ್ರಿ. ನೋಡಾಕ ಬಂದೀರಿ, ನೋಡ್ರಿ."

ಆಮೇಲೆ ಬಾಗಿಲ ಕಡೆ ತಿರುಗಿದ. ನಾನು ಅಭ್ಯಾಸಬಲದಿಂದ ಅವನ ಪಕ್ಕಕ್ಕೆ ಹೋಗಿ ನಿಂತೆ. ಅವನು ನನ್ನನ್ನು ಕರೆಯಲಿಲ್ಲ.

"ತೋರ್ಸಣ್ಣ."

ಅವ್ವ ತಂಬಿಗೆಯನ್ನು ಕೆಳಗಿಟ್ಟಳು. ಅಪ್ಪನ ಮುಖದ ಹತ್ತಿರ ಮುಖ ತಂದಳು. ಆ ದಿನ ಅವಳು ಬಹಳ ಹೊತ್ತು ಮೂಸಿದಳು, ಅಥವಾ ನನಗೆ ಹಾಗೆ ಅನಿಸಿತು. "ಏನಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅಪ್ಪ ಕಾಲು ತೊಳೆದು ಒಳಗೆ ಬಂದ. ಅಜ್ಜ ಕುಳಿತಲ್ಲೇ ಸ್ವಲ್ಪ ಸರಿದು, ಕಂಬಳಿಯ ಮೇಲೆ ತಮ್ಮ ಪಕ್ಕದಲ್ಲಿ ಅಪ್ಪನಿಗೆ ಜಾಗ ಮಾಡಿದರು.

ಅವ್ವ ಬಡಿಸತೊಡಗಿದಳು. ಆಯಿ ಕಣ್ಣೊರೆಸಿಕೊಳ್ಳುತ್ತ ತುಪ್ಪದ ಮಿಳ್ಳೆ ಹುಡುಕುತ್ತಿದ್ದಳು. ಎಲ್ಲರ ಬೆನ್ನು ನನ್ನ ಕಡೆಗಿತ್ತು. ಅಪ್ಪ ಬಿಚ್ಚಿ ಗೂಟಕ್ಕೆ ಹಾಕಿದ್ದ ರುಮಾಲನ್ನು ಕಾಲ್ಬೆರಳ ಮೇಲೆ ನಿಂತು ಎಳೆದುಕೊಂಡು ಮೂಗಿಗೆ ಒತ್ತಿ ಹಿಡಿದೆ. ಬೆವರು, ದಾರಿಯ ಧೂಳು, ಎತ್ತಿನ ಮೈಯ ವಾಸನೆ. ಮತ್ತೇನೂ ಇರಲಿಲ್ಲ. ಬಟ್ಟೆಯನ್ನು ಮಗುಚಿ ಹಿಡಿದು ಇನ್ನೊಮ್ಮೆ ಮೂಸಿದೆ.